ಊರಬಾರದ ಕಾಲು

ಹೆಂಚಿನ ಮೇಲಿದ್ದ ರೊಟ್ಟಿಗೆ ಗಂಗೋತ್ರಿ ನೀರು ಸವರುವಷ್ಟರಲ್ಲಿ ಫೋನು ಬಡಿದುಕೊಂಡಿತು. ದಿನಾ ಇದೇ ಹೊತ್ತಿಗೆ ಗಂಡ ತಿಪ್ಪೇಶ ಫೋನು ಮಾಡುತ್ತಿದ್ದ. ಅವಳ ಕೈಯೆಲ್ಲ ಹಿಟ್ಟಾಗಿತ್ತು.

"ದುರ್ಗಿ, ನಿಮ್ಮಪ್ಪ ನೋಡು. ಗೆರೆ ಕಾಣ್ತೈತೇನು ಕೇಳು."

ಮಗಳು ದುರ್ಗಾಂಬಿಕಾ ಬಿಚ್ಚಿದ ಜಡೆಯಲ್ಲೇ ಓಡಿಬಂದಳು. "ಅಪ್ಪ ಅಲ್ಲವ್ವಾ, ಮುಬಾರಕ್ ಮಾಮ." ಗಂಗೋತ್ರಿ ಹಿಟ್ಟಿನ ಕೈಯಲ್ಲೇ ಫೋನು ಇಸಿದುಕೊಂಡಳು.

ಅವರ ಊರು ಗೋವಿನಕೋವಿಯಲ್ಲಿ ಹೊಳೆ ತುಂಬಿತೆಂದರೆ ತಿಪ್ಪೇಶನಂತೆ ತೆಪ್ಪ ನಡೆಸುವವರಿಗೆ ಕೆಲಸವಿಲ್ಲ. ತೆಪ್ಪಗಳು ದಡದ ಮೇಲೆ ಬೋರಲು ಬಿದ್ದಿರುತ್ತವೆ. ಕೊಡಗಿನ ಬೆಟ್ಟದ ಹೊಳೆಯಲ್ಲಿ ಮಾತ್ರ ಮಳೆಗಾಲವೇ ಸುಗ್ಗಿ. ಪಟ್ಟಣದಿಂದ ಬಂದವರನ್ನು ರಬ್ಬರಿನ ರಾಫ್ಟಿನಲ್ಲಿ ಕೂರಿಸಿಕೊಂಡು, ಬಂಡೆಗಳ ನಡುವೆ ಹುಟ್ಟು ಹಾಕುತ್ತ ಇಳಿಸಬೇಕು. ಹೊನ್ನಾಳಿಯ ಮುಬಾರಕ್ ಮೊದಲು ಆ ಕೆಲಸಕ್ಕೆ ಸೇರಿ, ಆಮೇಲೆ ಗೆಳೆಯ ತಿಪ್ಪೇಶನನ್ನೂ ಕರೆಸಿಕೊಂಡಿದ್ದ. ಅಲ್ಲಿ ಒಂದು ಬಂಡೆಗೆ ಕೆಂಪು ಗೆರೆ ಬಳಿದಿದ್ದರು. ಗೆರೆ ಕಂಡರೆ ಇಳಿಯಬಹುದು, ಮುಳುಗಿದರೆ ಆ ದಿನ ರಜೆ. ಮುಳುಗಿದೆ ಎಂದು ಕೇಳಿದ ದಿನ ಗಂಗೋತ್ರಿಗೆ ಊಟ ಸೇರುತ್ತಿತ್ತು.

"ಅಕ್ಕಾ, ಹತ್ರ ಯಾರಾದ್ರೂ ದೊಡ್ಡೋರು ಅದಾರೇನ್ರಿ?" ಮುಬಾರಕನ ದನಿ ಒಡೆದಿತ್ತು.

"ಯಾಕಪ್ಪಾ? ಅವ್ರೆಲ್ಲಿ? ಗೆರೆ ಮುಳುಗೈತಾ?"

"ಇಲ್ಲಕ್ಕಾ, ಚೆನ್ನಾಗೇ ಕಾಣ್ತಿತ್ತು. ಜನ ಬರೋಕ್ ಮುಂಚೆ ನೀರು ಹೆಂಗೈತೆ ನೋಡಾಕೆ ನಾವ್‌ನಾವೇ ಇಳಿದಿದ್ವಿ. ರಾಫ್ಟು ಮಗುಚ್ತು. ನಾವೆಲ್ಲ ತೇಲ್ಕೊಂಡು ಬಂದು ದಡ ಹತ್ತಿದ್ವಿ. ಅವ್ನು ನಿಂತ್ಕಂಡುಬಿಟ್ಟ."

"ನಿಂತ್ಕಂಡ್ರಾ?"

"ಸೊಂಟದಷ್ಟೇ ನೀರಕ್ಕಾ. ಎರಡು ಕಲ್ಲಿನ ಸಂದಿಗೆ ಪಾದ ಸಿಕ್ಕಂಡ್ತು. ಹಿಂದ್ಲಿಂದ ನೀರು ಬಂದು ಬಗ್ಗಿಸಿಬಿಡ್ತು. ಹಗ್ಗ ಎಸೆದ್ವಿ, ಹಿಡಿಯಾಕೆ ಆಗ್ಲಿಲ್ಲ ಅವನಿಗೆ. ಎಳೆದು ತರೋ ಹೊತ್ತಿಗೆ..." ಅವನು ಅಳತೊಡಗಿದ. "ಉಳೀಲಿಲ್ಲಕ್ಕಾ. ನಾನೇ ಕರ್ಕೊಂಡು ಬರ್ತೀನಿ, ಸಂಜೆ ಒಳಗೆ."

ರೊಟ್ಟಿ ಕರಕಾಗಿ ಹೊಗೆಯಾಡುತ್ತಿತ್ತು. ಗಂಗೋತ್ರಿ ಅದನ್ನು ಎತ್ತಿ ಹೊರಗಿಟ್ಟಳು. ಒಲೆ ಆರಿಸಿದಳು. ಕೈಗೆ ಅಂಟಿದ್ದ ಹಿಟ್ಟನ್ನು ಬಹಳ ಹೊತ್ತು ತೊಳೆದಳು.

ತಮ್ಮೂರ ಹೊಳೆಯಲ್ಲಿ ಆಯ ತಪ್ಪಿ ಬಿದ್ದವರು ಮೊದಲು ಕಾಲು ಊರುತ್ತಾರೆ. ಕೆಳಗೆ ಮರಳು ಸಿಕ್ಕಿತೆಂದರೆ ಬದುಕಿದಂತೆ. ಅದನ್ನು ತಿಪ್ಪೇಶ ನಡೆಯಲು ಕಲಿತಾಗಲೇ ಕಲಿತಿದ್ದ. ಬೆಟ್ಟದ ಹೊಳೆಯಲ್ಲಿ ಹಾಗೆ ಮಾಡಕೂಡದಂತೆ. ಅಂಗಾತ ಮಲಗಬೇಕು, ಕಾಲು ಮುಂದೆ ಚಾಚಬೇಕು, ಹೆಬ್ಬೆರಳು ನೀರಿನ ಮೇಲೆ ಕಾಣುತ್ತಿರಬೇಕು. ಹೋದ ಸಲ ಊರಿಗೆ ಬಂದಾಗ ಪಡಸಾಲೆಯ ಚಾಪೆಯ ಮೇಲೆ ಮಲಗಿ ಮಗಳಿಗೆ ಅದನ್ನೇ ತೋರಿಸಿದ್ದ. ದುರ್ಗಿ ಹೊಳೆಯಾಗಿದ್ದಳು. ಚಾಪೆಯನ್ನು ಸರಕ್ಕನೆ ಎಳೆಯುತ್ತಿದ್ದಳು. ಎಳೆದಾಗಲೆಲ್ಲ ಅಪ್ಪನ ಕಾಲು ತಾನಾಗೇ ನೆಲ ಹುಡುಕುತ್ತಿತ್ತು.

"ಕಾಲು ಊರಿದೆ! ಅಪ್ಪ ಔಟ್!" ಎಂದು ಅವಳು ಬಿದ್ದು ಬಿದ್ದು ನಕ್ಕಿದ್ದಳು.

"ಊರೋರಿಗೆಲ್ಲ ಹೇಳ್ಕೊಡ್ತಾರಂತೆ, ಇವ್ರ ಕಾಲೇ ಇವ್ರ ಮಾತು ಕೇಳಲ್ಲ," ಎಂದು ಗಂಗೋತ್ರಿಯೂ ಛೇಡಿಸಿದ್ದಳು.

"ತಲಿಗೆ ಗೊತ್ತೈತೆ ಕಣೇ. ಕಾಲು ಹಳೇದು, ಕಲಿಯಾಕೆ ಟೈಮ್ ತಗಂತೈತೆ," ಎಂದಿದ್ದ ಅವನು.

ಈಗ ಅದೇ ಪಡಸಾಲೆಯಲ್ಲಿ ದುರ್ಗಿ ಬಾಚಣಿಗೆ ಹಿಡಿದು ಕೂತಿದ್ದಳು. ಗಂಗೋತ್ರಿ ಅವಳ ಹಿಂದೆ ಕೂತು ಕೂದಲ ಸಿಕ್ಕು ಬಿಡಿಸತೊಡಗಿದಳು. ಈ ಜಡೆ ಹೆಣೆಯುವುದರೊಳಗೆ ಹೇಳಬೇಕು. ಹೆಂಗೆ ಶುರು ಮಾಡುವುದು? ಬೀದಿಯವರು ಬಂದು ಕಿರುಚುವ ಮೊದಲು ಮಗು ಅವ್ವನ ಬಾಯಿಂದಲೇ ಕೇಳಬೇಕು. ಜಡೆ ಮುಗಿಯಿತು. ಬಿಚ್ಚಿ ಮತ್ತೆ ಹೆಣೆದಳು.

"ಇವತ್ತು ಸ್ಕೂಲು ಬ್ಯಾಡ, ಮಗಾ."

ದುರ್ಗಿ ಖುಷಿಪಡಲಿಲ್ಲ. ಅವ್ವ ಫೋನಿನಲ್ಲಿ 'ನಿಂತ್ಕಂಡ್ರಾ?' ಎಂದದ್ದು ಅವಳ ಕಿವಿಗೂ ಬಿದ್ದಿತ್ತು. ನೆಲದ ಮೇಲಿದ್ದ ತನ್ನ ಎರಡೂ ಪಾದಗಳನ್ನು ಮೆಲ್ಲಗೆ ಮೇಲೆತ್ತಿ ಲಂಗದೊಳಗೆ ಎಳೆದುಕೊಂಡಳು. ಆಮೇಲೆ, ತಿರುಗಿ ನೋಡದೆಯೇ ಕೇಳಿದಳು:

"ಅವ್ವಾ, ಅಪ್ಪ ಕಾಲು ಊರಿಬಿಟ್ನಾ?"