ಸೌತೆಕಾಯಿಗೂ ಏರಿದ ಸಕ್ಕರೆ

ತೋಳಿಗೆ ಅಂಟಿಸಿಕೊಳ್ಳುವ ಹೊಸ ಯಂತ್ರ ಕೊಡಿಸುತ್ತೇನೆಂದು ಮಗಳು ಹಟ ಹಿಡಿದಿದ್ದಳು. ಏನು ತಿಂದರೆ ಸಕ್ಕರೆ ಎಷ್ಟು ಏರಿತು ಎಂಬುದನ್ನು ಅದು ಫೋನಿನಲ್ಲೇ ತೋರಿಸುತ್ತದಂತೆ. ಬಟ್ಟೆ ಹೊಲಿದು ಸಂಸಾರ ತೂಗಿಸಿದ್ದ ತಾಯಿ ಮೂಗು ಮುರಿದಳು. ಈ ವಯಸ್ಸಿನಲ್ಲಿ ತನಗೂ ಶುಗರ್ ಬಂದಿದೆ, ಬರಲಿ. ಅದರ ವಿದ್ಯೆ ಅವಳಿಗೆ ಎಂದೋ ಬಂದಾಗಿತ್ತು.

"ನಿಮ್ಮಪ್ಪ, ನಾನು ಈ ಪರೀಕ್ಷೆ ಯಾವತ್ತೋ ಪಾಸು ಮಾಡಿದ್ವಿ ಕಣೇ. ಮೊದಲು ಚೆನ್ನಾಗಿ ಫೇಲಾಗಿ!"

ಬೀರುವಿನಿಂದ ಸಕ್ಕರೆ ಅಳೆಯುವ ಹಳೆಯ ಮೀಟರ್ ಹೊರಬಂತು. ಮಗಳು ಅದಕ್ಕೆ ಹೊಸ ಸ್ಟ್ರಿಪ್ ತಂದುಕೊಟ್ಟಳು, ಗೊಣಗುತ್ತಲೇ. ಮಧ್ಯಾಹ್ನ ತಾಯಿ ಬೆರಳು ಚುಚ್ಚಿ ನೋಡಿಕೊಂಡು, ಒಂದು ಬೇಯಿಸಿದ ಆಲೂಗಡ್ಡೆ ಊಟದ ಜೊತೆ ತಿಂದು, ಎರಡು ಗಂಟೆ ಕಳೆಯಲೆಂದು ಕಿಟಕಿಯ ಬಳಿ, ಹಣ್ಣಿನ ಬುಟ್ಟಿಯ ಮುಂದೆ ಕೂತಳು. ಕೂತವಳಿಗೆ ಗಂಡನ ನೆನಪು ನುಗ್ಗಿ ಬಂತು.

ಅವನದು ಹಣ್ಣಿನಂಗಡಿ. ಇಡೀ ದಿನ ಹಣ್ಣಿನ ನಡುವೆ ಕೂತರೂ ಮನುಷ್ಯನಿಗೆ ಪ್ರಾಣ ಮಾತ್ರ ಆಲೂಗಡ್ಡೆಯ ಮೇಲೆ. ಶುಗರ್ ಇದೆ ಎಂದು ಗೊತ್ತಾದ ದಿನ ಅವನು ಕೇಳಿದ್ದು ಒಂದೇ ಪ್ರಶ್ನೆ: "ಆಲೂಗಡ್ಡೆ ತಿನ್ನಬಹುದಾ, ಇಲ್ವಾ?" ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ನಕ್ಕಿದ್ದಳು. "ನಿಮ್ಮ ಮೈಯನ್ನೇ ಕೇಳಿ ಸ್ವಾಮಿ. ಒಂದು ಸಲಕ್ಕೆ ಒಂದೇ ಪದಾರ್ಥ ಬದಲಾಯಿಸಿ. ಊಟಕ್ಕೆ ಮುಂಚೆ ಒಮ್ಮೆ ನೋಡಿ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ದಿನಾ ಚುಚ್ಕೊಂಡು ಸ್ಟ್ರಿಪ್ ಹಾಳು ಮಾಡ್ಬೇಡಿ."

ಸ್ಟ್ರಿಪ್ ಬಲು ದುಬಾರಿ. ಹಾಗಾಗಿ ಅಂಗಡಿಗೆ ವಾರದ ರಜೆ ಇದ್ದ ಮಧ್ಯಾಹ್ನವೇ ಅವರ ಪರೀಕ್ಷೆಯ ದಿನವಾಯಿತು. ಒಂದು ವಾರ ಅನ್ನ ಏರಿತು. ಮುಂದಿನ ವಾರ ಬ್ರೆಡ್ಡು ಏರಿತು. ಆಲೂಗಡ್ಡೆಯಂತೂ ಸಿಕ್ಕಾಪಟ್ಟೆ ಏರಿತು. ಅವಳು ಗಾಬರಿಯಾಗಿ ಒಂದೊಂದನ್ನೇ ಅವನ ತಟ್ಟೆಯಿಂದ ತೆಗೆಯುತ್ತ ಹೋದಳು. ಒಂದು ದಿನ ಅವನು ತನ್ನ ತಟ್ಟೆ ಎತ್ತಿಕೊಂಡು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

"ನಿನ್ನ ತಟ್ಟೆ ನೋಡಿದ್ರೆ ಬಾಯಲ್ಲಿ ನೀರೂರತ್ತೆ. ಇಲ್ಲೇ ತಿಂತೀನಿ ಬಿಡು," ಎಂದ.

ಮದುವೆಯಾದಾಗಿನಿಂದ ಒಟ್ಟಿಗೇ ಉಂಡವರು. ಅವನು ಮೆಟ್ಟಿಲ ಮೇಲೆ, ಅವಳು ಒಳಗೆ, ಮಧ್ಯೆ ಅರೆ ತೆರೆದ ಬಾಗಿಲು. ಶುಗರ್ ಬಂದದ್ದು ಅವನಿಗೆ, ಊಟದ ರುಚಿ ಕೆಟ್ಟದ್ದು ಇಬ್ಬರಿಗೂ.

ಕೊನೆಗೆ ಒಂದು ವಾರದ ಪರೀಕ್ಷೆಗೆ ಬರೀ ಸೌತೆಕಾಯಿ ಕೊಟ್ಟಳು. ಅದಕ್ಕೂ ಏರಿತು! ಅವನು ಮೀಟರನ್ನು ದಿಟ್ಟಿಸಿ, "ಇನ್ನು ನೀರು ಕುಡಿದ್ರೂ ಏರತ್ತೆ ಅನ್ಸತ್ತೆ ಕಣೇ," ಎಂದು ನಗಲು ನೋಡಿದ. ನಗು ಬರಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು ಅವನನ್ನು ನರ್ಸಮ್ಮನ ಮುಂದೆ ತಂದು ನಿಲ್ಲಿಸಿದಳು.

"ಸೌತೆಕಾಯಿಗಾ?" ನರ್ಸಮ್ಮ ಹುಬ್ಬೇರಿಸಿದಳು. "ಊಟ ಆದ್ಮೇಲೆ ಆ ಎರಡು ಗಂಟೆ ಏನ್ ಮಾಡ್ತೀರಿ?"

"ಏನೂ ತಿನ್ನಲ್ಲಮ್ಮ, ಆಣೆಗೂ. ಇವಳಿಗೆ ಕಿತ್ತಳೆ ಬಿಡಿಸ್ಕೊಡ್ತೀನಿ, ಅಷ್ಟೇ. ಬಿಳೀ ನಾರು ಒಂಚೂರು ಇದ್ರೂ ಇವಳಿಗೆ ಆಗಲ್ಲ."

"ಆಮೇಲೆ ಕೈ ತೊಳ್ಕೊಳ್ತೀರಾ?"

ಅವನು ಹೆಗಲ ಮೇಲಿನ ಟವೆಲ್ ತೋರಿಸಿದ. ನರ್ಸಮ್ಮ ಹಣೆ ಚಚ್ಚಿಕೊಂಡಳು. ಬೆರಳಿಗೆ ಅಂಟಿದ ಹಣ್ಣಿನ ರಸವನ್ನೇ ಆ ಮೀಟರ್ ರಕ್ತದ ಜೊತೆ ಸೇರಿಸಿ ಅಳೆಯುತ್ತಿತ್ತು. ಏರಿದ್ದರಲ್ಲಿ ಎಷ್ಟು ಅವನದು, ಎಷ್ಟು ಕಿತ್ತಳೆಯದು, ದೇವರೇ ಬಲ್ಲ.

ಮತ್ತೆ ಮೊದಲಿನಿಂದ ಪರೀಕ್ಷೆ ನಡೆಯಿತು, ಈ ಸಲ ಸೋಪು ಹಚ್ಚಿ ಕೈ ತೊಳೆದು. ಸೌತೆಕಾಯಿ ನಿರಪರಾಧಿ ಎಂದು ಬಿಡುಗಡೆಯಾಯಿತು. ಆಲೂಗಡ್ಡೆ ಏರಿಸಿದ್ದು ನಿಜವೇ, ಆದರೆ ಹೆದರಿದಷ್ಟಲ್ಲ. ಅದನ್ನು ಅರ್ಧಕ್ಕೆ ಇಳಿಸಿ, ಜೊತೆಗೆ ತರಕಾರಿ, ಕಾಳು ತಿಂದು, ಬೀದಿಯ ಕೊನೆಯವರೆಗೆ ನಡೆದು ಬಂದರೆ ಅಂಕೆಯಲ್ಲೇ ಇರುತ್ತಿತ್ತು. ಅವನ ತಟ್ಟೆ ಮೆಟ್ಟಿಲಿನಿಂದ ಒಳಗೆ ಬಂತು. ಅಂದು ಅವಳು ಅತ್ತುಬಿಟ್ಟಳು. ಅವನು ತನ್ನ ಅರ್ಧ ಆಲೂಗಡ್ಡೆಯಲ್ಲೂ ಒಂದು ಚೂರು ಮುರಿದು ಅವಳ ತಟ್ಟೆಗಿಟ್ಟ. ಕಿತ್ತಳೆ ಬಿಡಿಸುವುದನ್ನು ಕೊನೆಯವರೆಗೂ ಬಿಡಲಿಲ್ಲ.

"ಅಮ್ಮ, ಎರಡು ಗಂಟೆ ಆಯ್ತು," ಎಂದಳು ಮಗಳು.

ತಾಯಿ ಬೆಚ್ಚಿ ನೋಡಿಕೊಂಡಳು. ಮುಂದಿದ್ದ ಬುಟ್ಟಿಯಿಂದ ಕಿತ್ತಳೆ ಯಾವಾಗ ಕೈಗೆ ಬಂತೋ! ಒಂದೆಳೆ ನಾರಿಲ್ಲದಂತೆ ಬಿಡಿಸಿದ ತೊಳೆಗಳು ಮಡಿಲ ಬಟ್ಟಲಲ್ಲಿ ತುಂಬಿದ್ದವು. ಬಟ್ಟಲನ್ನು ಮಗಳ ಕೈಗಿತ್ತು ನಲ್ಲಿಯ ಹತ್ತಿರ ಹೋದವಳು, ಬೆರಳುಗಳನ್ನು ಮೂಗಿನ ಬಳಿ ಹಿಡಿದಳು. ಅವನ ಟವೆಲ್ಲಿನ ವಾಸನೆ. ಅವನ ಅಂಗಿಯ, ಅವನ ಅಂಗೈಯ ವಾಸನೆ. ಎಷ್ಟು ವರ್ಷಗಳಾಗಿದ್ದವು!

ನಲ್ಲಿ ತಿರುಗಿಸಿ ಎಡಗೈಯನ್ನು ಮಾತ್ರ ಸೋಪಿಗೆ ಚೆನ್ನಾಗಿ ಉಜ್ಜಿ ತೊಳೆದುಕೊಂಡಳು. ಬಂದು ಅದನ್ನೇ ಮುಂದೆ ಚಾಚಿದಳು.

"ಇನ್ನೊಂದು ಕೈ ತೊಳ್ಕೊಂಡಿಲ್ವಲ್ಲಮ್ಮ?"

"ಅದು ಹಾಗೇ ಇರ್ಲಿ ಬಿಡೇ," ಎಂದಳು ತಾಯಿ, ಬಲಗೈಯನ್ನು ಕೆನ್ನೆಗೆ ಒತ್ತಿಕೊಂಡು. "ಅದಕ್ಕೇನೂ ಪರೀಕ್ಷೆ ಬೇಡ."