ಬಸ್ಸು ತಿರುಗುವ ಜಾಗ

ಉಲ್ಲಾಳಕ್ಕೆ ಬಸ್ಸು ಬಂದ ದಿನದಿಂದ ನಮ್ಮ ಅತ್ತೆ ಪಾಪಮ್ಮನವರು ಆ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡವರಲ್ಲ. ಕದ್ದುಮುಚ್ಚಿ ಕೂರುತ್ತಿದ್ದರು ಅಂದುಕೊಳ್ಳಬೇಡಿ. ಮುಂದಿನ ಬಾಗಿಲಲ್ಲಿ ರಾಜಾರೋಷವಾಗಿ ಹತ್ತಿ, ಡ್ರೈವರ್ ಹತ್ತಿರದ ಸೀಟಿನಲ್ಲಿ ಸೆರಗು ಹೊದ್ದು ಕೂತು, ಕಂಡಕ್ಟರ್ ಬಂದರೆ ತಾನು ಜಾಗದವಳು ಅನ್ನುತ್ತಿದ್ದರು. ಅಷ್ಟೇ. ಹಳೇ ಕಂಡಕ್ಟರುಗಳು ಅದಕ್ಕೆ ಒಂದು ನಮಸ್ಕಾರ ಹಾಕಿ ಹಿಂದೆ ಹೋಗುತ್ತಿದ್ದರು. ಹೊಸಬರಿಗೆ ಹಳಬರೇ ಹೇಳಿಕೊಡುತ್ತಿದ್ದರು.

ಯಾವ ಜಾಗ ಅಂತ ಕೇಳುತ್ತೀರಿ. ಮೊದಲು ಬಸ್ಸು ಊರೊಳಗೆ ಬರುತ್ತಿರಲಿಲ್ಲವಂತೆ. ಬಂದರೆ ತಿರುಗಿಸಿಕೊಂಡು ಹೋಗಲು ಜಾಗವಿಲ್ಲ, ಹಾಗಾಗಿ ಡ್ರೈವರ್ ಮೇನ್ ರೋಡಿನಲ್ಲೇ ಇಳಿಸಿ ಹೋಗುತ್ತಿದ್ದ. ಬಸುರಿಯರು, ಮುದುಕರು, ಸ್ಕೂಲಿನ ಮಕ್ಕಳು ಎಲ್ಲ ಅಲ್ಲಿಂದ ನಡೆದೇ ಬರಬೇಕು. ನಮ್ಮ ಮಾವ ನಂಜುಂಡಪ್ಪನವರು ತಮ್ಮ ರಾಗಿ ಹೊಲದ ಒಂದು ಮೂಲೆಯನ್ನು ಬಸ್ಸು ತಿರುಗಲಿ ಅಂತ ಬಿಟ್ಟುಕೊಟ್ಟರು. ದುಡ್ಡಿಲ್ಲ, ಕಾಗದವಿಲ್ಲ, ಬರೀ ಬಾಯಿಮಾತು. ಜಾಗ ನೋಡಲು ಬಂದಿದ್ದ ಬಸ್ಸಿನ ಸಾಹೇಬರು ನಮ್ಮ ಜಗಲಿಯ ಮೇಲೆ ಮಜ್ಜಿಗೆ ಕುಡಿದು, ಇನ್ನುಮುಂದೆ ನಿಮ್ಮ ಮನೆಯವರು ಈ ಬಸ್ಸಿಗೆ ಟಿಕೆಟ್ ತಗೊಳ್ಳುವುದು ಬೇಡ ಗೌಡ್ರೆ ಅಂದರಂತೆ. ತಮಾಷೆಗೆ ಅಂದರೋ ನಿಜವಾಗಿ ಅಂದರೋ ಆ ಭಗವಂತನೇ ಬಲ್ಲ. ಅತ್ತೆಗೆ ಮಾತ್ರ ಅದು ಶಿಲಾಶಾಸನ.

ಆಮೇಲೆ ಮಾವ ಹೋದರು. ಹೊಲವೆಲ್ಲ ಸೈಟಾಯಿತು, ಸೈಟಿನ ಮೇಲೆ ಬಾಡಿಗೆ ಮನೆಗಳು ಎದ್ದವು, ಅದರಿಂದಲೇ ನಾವೂ ನೆಟ್ಟಗಾದೆವು. ಉಳಿದ ಜಮೀನು ಹೋದದ್ದಕ್ಕೆ ಅತ್ತೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಆದರೆ ಬಸ್ಸು ತಿರುಗುವ ಆ ಮೂಲೆಯ ಹತ್ತಿರ ಯಾರಾದರೂ ಕಸ ಸುರಿದರೆ ಸಾಕು, ಅವರ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದರು. ಮಾವ ಇನ್ನೂ ಅಲ್ಲೆಲ್ಲೋ ನಿಂತಿದ್ದಾರೆ ಅನ್ನುವ ಹಾಗೆ ಆಡುತ್ತಿದ್ದರು.

ನನಗೆ ವಿಜಯನಗರದಲ್ಲಿ ಬ್ಲೌಸ್ ಹೊಲಿಯುವ ಒಂದು ಸಣ್ಣ ಅಂಗಡಿ ಇದೆ. ಅತ್ತೆ ದಿನಾ ನನ್ನ ಜೊತೆ ಬರುತ್ತಾರೆ. ಹುಕ್ಕು ಹಾಕುವುದು ಅವರ ಕೆಲಸ, ಬಂದ ಗಿರಾಕಿಗಳಿಗೆಲ್ಲ ಬುದ್ಧಿ ಹೇಳುವುದು ಅವರೇ ಮೈಮೇಲೆ ಎಳೆದುಕೊಂಡ ಕೆಲಸ. ಬಸ್ಸಿನಲ್ಲಿ ಒಟ್ಟಿಗೆ ಹೋಗುತ್ತೇವೆ, ಒಟ್ಟಿಗೆ ಬರುತ್ತೇವೆ. ದಾರಿಯುದ್ದಕ್ಕೂ ಜಗಳ ಆಡುತ್ತೇವೆ. ಕೋಪ ನನಗೂ ಮೂಗಿನ ತುದಿಯಲ್ಲೇ ಇರುವುದು, ಸುಳ್ಳು ಯಾಕೆ ಹೇಳಲಿ.

ಹೆಂಗಸರಿಗೆಲ್ಲ ಬಸ್ಸು ಫ್ರೀ ಆದಾಗ ನಾನು ಅಬ್ಬಾ ಅಂದೆ. ಇನ್ನು ಅತ್ತೆಯ ಪುರಾಣ ಯಾರೂ ಕೇಳಬೇಕಾಗಿಲ್ಲವಲ್ಲ. ಆಗಿದ್ದೇ ಬೇರೆ. ಫ್ರೀ ಆದರೂ ಟಿಕೆಟ್ ಅಂತ ಒಂದು ತೆಗೆದುಕೊಳ್ಳಬೇಕು, ಸೊನ್ನೆ ರೂಪಾಯಿಯದು. ಕಂಡಕ್ಟರ್ ಎಷ್ಟು ಹೆಂಗಸರನ್ನು ಕೂರಿಸಿಕೊಂಡರೋ ಅಷ್ಟು ಟಿಕೆಟ್ ಕೊಟ್ಟಿರಬೇಕು, ಇಲ್ಲದಿದ್ದರೆ ಚೆಕಿಂಗ್‌ನವರು ಕಂಡಕ್ಟರ್ ಕುತ್ತಿಗೆ ಹಿಡಿಯುತ್ತಾರೆ. ಅತ್ತೆ ಆ ಟಿಕೆಟ್ಟನ್ನು ಕೈಯಿಂದಲೂ ಮುಟ್ಟಲಿಲ್ಲ. ಏನಾಗುತ್ತೆ ತಗೊಂಡರೆ ಅಂತ ಒಂದು ದಿನ ರೇಗಿದೆ. ಆಗ ಅವರು ಹೇಳಿದ್ದು ಇದು.

"ಅದು ಊರೋರ್ಗೆಲ್ಲ ಸರ್ಕಾರ ಕೊಡೋ ಫ್ರೀ ಕಣೇ. ನಂದು ನಿಮ್ಮಾವ ಕೊಟ್ಟೋಗಿರೋದು. ಎರಡೂ ಒಂದೇನಾ?"

ಹೀಗಿರುವಾಗ ನಮ್ಮ ರೂಟಿಗೆ ರಮ್ಯ ಅನ್ನುವ ಹೊಸ ಕಂಡಕ್ಟರ್ ಬಂದಳು. ಕುಣಿಗಲ್ ಕಡೆಯ ಹುಡುಗಿ, ದೀಪಾಂಜಲಿ ನಗರದಲ್ಲಿ ತಾಯಿಯ ಜೊತೆ ಬಾಡಿಗೆ ರೂಮು. ಖಾಕಿ ಶರ್ಟು ದೊಗಳೆಯಾಗಿದೆ, ಬಿಗಿ ಮಾಡಿಕೊಡಿ ಅಂತ ನನ್ನ ಅಂಗಡಿಗೆ ಬಂದಿದ್ದಳು. ಅತ್ತೆ ಆಗ ದೇವಸ್ಥಾನಕ್ಕೆ ಹೋಗಿದ್ದರು. ಅಳತೆ ಕೊಡುತ್ತಾ ಕೊಡುತ್ತಾ ಅವಳ ಕಷ್ಟ ಹೊರಗೆ ಬಂತು. ಕೆಲಸ ಇನ್ನೂ ಕಾಯಂ ಆಗಿಲ್ಲ. ಕಾಲೇಜು ಹುಡುಗಿಯರು ಮೇಲಿಂದ ಮೇಲೆ ಹತ್ತಿದ ಒಂದು ದಿನ ಯಾರಿಗೋ ಟಿಕೆಟ್ ಕೊಡುವುದು ತಪ್ಪಿಹೋಗಿ ಆಗಲೇ ಒಂದು ಮೆಮೊ ಬಿದ್ದಿದೆ. ಇನ್ನೊಂದು ಬಿದ್ದರೆ ಮನೆಗೆ ಕಳಿಸುತ್ತಾರೆ. ಅವಳ ಸಂಬಳದಲ್ಲೇ ತಾಯಿಯ ಡಯಾಲಿಸಿಸ್ ನಡೆಯಬೇಕು.

"ಅಜ್ಜೀಗೆ ನಾನು ಏನ್ ಹೇಳ್ಲಿ ಆಂಟಿ. ನಮ್ಮಜ್ಜಿ ಥರಾನೇ ಇದಾರೆ," ಅಂದಳು.

ನನಗೆ ಕರುಳು ಚುರುಕ್ ಅಂದಿತು. ಮಾರನೆಯ ದಿನದಿಂದ ಹಿಂದಿನ ಸೀಟಿನಲ್ಲಿ ಕೂತು ಗುಟ್ಟಾಗಿ ಎರಡು ಟಿಕೆಟ್ ತೆಗೆದುಕೊಳ್ಳತೊಡಗಿದೆ, ನನಗೊಂದು, ಅತ್ತೆಗೊಂದು. ರಮ್ಯ ಕಣ್ಣಲ್ಲೇ ನಗುತ್ತಿದ್ದಳು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಒಂದು ದಿನ ಅತ್ತೆ ಸೂಜಿ ಹುಡುಕುತ್ತಾ ನನ್ನ ಪರ್ಸಿಗೆ ಕೈ ಹಾಕಿದರು, ಜೋಡಿ ಜೋಡಿ ಟಿಕೆಟ್ ಸಿಕ್ಕವು. ಓದು ಬರದಿದ್ದರೇನು, ಲೆಕ್ಕ ಬರುತ್ತದಲ್ಲ. ಅಂಗಡಿಯಲ್ಲೇ ರಂಪ. ಗಿರಾಕಿಗಳ ಮುಂದೆ ನನ್ನ ಮಾನ ಹರಾಜು. ನಾನೂ ಬಿಡಲಿಲ್ಲ, ಆ ಹುಡುಗಿಗೆ ತೊಂದರೆ ಆಗುತ್ತೆ ಅತ್ತೆ, ನಿಮ್ಮ ಹಟ ನಿಮಗೇ ಇರಲಿ ಅಂದೆ. ಯಾವ ಸಾಹೇಬ ಬಂದರೂ ತಾನು ಮಾತಾಡಿಕೊಳ್ಳುತ್ತೇನೆ, ಜಾಗದವಳು ಅಂದರೆ ಕೈ ಮುಗಿದು ಹೋಗುತ್ತಾನೆ ಅಂದರು. ಅದನ್ನು ಅವರು ನಿಜಕ್ಕೂ ನಂಬಿದ್ದರು. ಬರುವ ಸಾಹೇಬನೂ ಆ ಮಜ್ಜಿಗೆ ಕುಡಿದವನೇ ಆಗಿರುತ್ತಾನೆ ಅನ್ನುವ ನಂಬಿಕೆ.

ಇನ್ನು ನನ್ನ ಹೆಸರಲ್ಲಿ ಟಿಕೆಟ್ ತೆಗೆದರೆ ನೀನು ನಮ್ಮನೆ ಸೊಸೆಯೇ ಅಲ್ಲ ಅಂತಲೂ ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಏನಾದರೂ ಮಾಡಿಕೊಳ್ಳಲಿ ಅಂತ ನಾನೂ ಬಿಟ್ಟುಬಿಟ್ಟೆ. ಮಾತು ನಿಂತಿತು. ಮಾರನೆಯ ದಿನ ಬಸ್ಸಿನಲ್ಲಿ ಅವರು ತಮ್ಮ ಸೀಟಿನಲ್ಲಿ, ನಾನು ನನ್ನದೊಂದೇ ಟಿಕೆಟ್ ತೆಗೆದುಕೊಂಡು ಎರಡು ಸೀಟು ಹಿಂದೆ. ರಮ್ಯ ಅವರ ಹತ್ತಿರ ನಿಂತು ಮೆತ್ತಗೆ ಕೇಳಿದಳು. ಅತ್ತೆ ಕಿಟಕಿ ಕಡೆ ಮುಖ ತಿರುಗಿಸಿಕೊಂಡರು. ಅವಳು ನನ್ನನ್ನು ನೋಡಿದಳು. ನಾನೂ ಕಿಟಕಿ ನೋಡಿದೆ. ಅಷ್ಟರಲ್ಲಿ ನಾಗರಭಾವಿ ಬಂತು, ಜನ ನುಗ್ಗಿದರು, ಅವಳು ಹಿಂದಕ್ಕೆ ಹೋದಳು.

ಚಂದ್ರಾ ಲೇಔಟ್ ಸ್ಟಾಪಿನಲ್ಲಿ ಚೆಕಿಂಗ್ ಹತ್ತಿತು.

ಇಬ್ಬರು ಹಿಂದಿನ ಬಾಗಿಲಿನಿಂದ, ಒಬ್ಬರು ಮುಂದಿನಿಂದ. ಮುಂದೆ ಹತ್ತಿದವರ ಎದೆಯ ಮೇಲೆ ರುದ್ರಮುನಿ ಅಂತ ಹೆಸರಿನ ಪಟ್ಟಿ ಇತ್ತು. ದಪ್ಪ ಕನ್ನಡಕ, ತಾಳ್ಮೆಯ ಮುಖ. ಅವರನ್ನು ಕಂಡದ್ದೇ ತಡ ಅತ್ತೆ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡರು. ಪುರಾಣ ಶುರುಮಾಡಲು ಬಾಯಿ ಸಿದ್ಧವಾಗಿತ್ತು. ನಾನು ಹಿಂದಿನಿಂದ ಎದ್ದು ಹೋಗಿ ಒಂದು ಟಿಕೆಟ್ ಹರಿಸಿಬಿಡೋಣ ಅಂದರೆ ಟಿಕೆಟ್ ಮಿಷಿನ್ನು ಆಗಲೇ ಚೆಕಿಂಗ್‌ನವರ ಕೈಗೆ ಹೋಗಿತ್ತು.

ರುದ್ರಮುನಿಯವರು ಮೊದಲು ಅತ್ತೆಯನ್ನು ಕೇಳಲಿಲ್ಲ. ರಮ್ಯಳನ್ನು ಮುಂದಿನ ಬಾಗಿಲ ಹತ್ತಿರ ಕರೆದರು. ಗದರಲಿಲ್ಲ, ಆದರೆ ಮೊದಲ ಸೀಟಿನವರಿಗೆಲ್ಲ ಕೇಳಿಸುವಷ್ಟು ಸ್ಪಷ್ಟವಾಗಿತ್ತು ಮಾತು.

"ನೋಡಮ್ಮ, ಈ ರೂಟಲ್ಲಿ ಜಾಗ ಕೊಟ್ಟೋರ ಮನೆಯವರು ಅಂತ ಒಬ್ಬರನ್ನ ಎಲ್ಲ ಕಂಡಕ್ಟರೂ ಟಿಕೆಟ್ ಇಲ್ದೆ ಬಿಡ್ತಾರಂತೆ, ಕಂಪ್ಲೇಂಟ್ ಬಂದಿದೆ. ಅವರನ್ನ ನಾವು ಏನೂ ಮಾಡಲ್ಲ. ಗೊತ್ತಿದ್ದೂ ಬಿಟ್ಟಿದ್ರೆ ಕೇಸು ನಿನ್ ಮೇಲೆ. ನಿಂಗೆ ಇದು ಎರಡನೇದು."

ರಮ್ಯ ತಲೆ ತಗ್ಗಿಸಿ ನಿಂತಳು. ಅತ್ತೆ ಅವಳಿಂದ ಒಂದು ಮಾರು ದೂರದಲ್ಲಿದ್ದರು. ಅಗೋ ಅಲ್ಲಿ ಕೂತಿದ್ದಾರೆ, ಕೇಳಿ ಕೇಳಿ ಸಾಕಾಯಿತು, ತಗೊಳ್ಳಲ್ಲ ಅಂತಾರೆ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ ಆ ಹುಡುಗಿ. ಕಣ್ಣೆತ್ತಿ ಕೂಡ ಆ ಕಡೆ ನೋಡಲಿಲ್ಲ. ಖಾಕಿ ಶರ್ಟಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತೇ ಇದ್ದಳು.

ಅತ್ತೆಯ ಮುಖ ನನಗೆ ಓರೆಯಾಗಿ ಕಾಣುತ್ತಿತ್ತು. ಬಾಯಿ ಮುಚ್ಚಿಕೊಂಡಿತು. ಅವರು ಹುಡುಗಿಯನ್ನೇ ನೋಡುತ್ತಿದ್ದರು, ಅವಳನ್ನು ಮೊದಲ ಸಲ ನೋಡುತ್ತಿರುವ ಹಾಗೆ.

ರುದ್ರಮುನಿಯವರು ಅತ್ತೆಯ ಕಡೆ ತಿರುಗಿ ಟಿಕೆಟ್ ಕೇಳಿದರು. ಅತ್ತೆ ಇಲ್ಲ ಅಂದರು. ಯಾಕೆ, ಕಂಡಕ್ಟರ್ ಕೊಡಲಿಲ್ಲವಾ ಅಂದರು ಅವರು. ಅವಳು ಕೇಳಿದಳು, ನಾನೇ ಆಗಲೇ ತಗೊಂಡಾಯಿತು ಅಂತ ಅವಳಿಗೆ ಸುಳ್ಳು ಹೇಳಿದೆ ಅಂದರು ಅತ್ತೆ. ನಮ್ಮ ಬೀದಿಯ ಏಕಾಂತಯ್ಯನವರು ನನ್ನ ಪಕ್ಕದಲ್ಲೇ ನಿಂತಿದ್ದರು, ರಿಟೈರಾದ ಮನುಷ್ಯ, ಕಂಡದ್ದಕ್ಕೆಲ್ಲ ಬಾಯಿ ಹಾಕುವ ಅಭ್ಯಾಸ. ಅಲ್ಲಾ ಪಾಪಮ್ಮನವರೇ, ಅಂತ ಶುರುಮಾಡಿದರು. ನಾನು ಅವರ ಕಾಲನ್ನು ಬಲವಾಗಿ ತುಳಿದೆ. ಪಾಪ, ಮುಖ ಕಿವಿಚಿಕೊಂಡು ಸುಮ್ಮನಾದರು.

ರುದ್ರಮುನಿಯವರು ಅಷ್ಟಕ್ಕೇ ಬಿಡುವವರಲ್ಲ. ಕನ್ನಡಕ ಮೇಲೇರಿಸಿಕೊಂಡು ಬಗ್ಗಿ ನೋಡಿದರು.

"ಉಲ್ಲಾಳದ ನಂಜುಂಡಪ್ಪನವರ ಮನೆಯವರು ತಾನೇ ನೀವು?"

ಹೌದು ಅಂದರೆ ರಮ್ಯಳ ಕೆಲಸ ಹೋಯಿತು. ಅತ್ತೆ ಸೀಟಿನ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅದ್ಯಾರೋ ನಂಗೊತ್ತಿಲ್ಲ ಸ್ವಾಮಿ. ನಂಗೆ ಯಾವ ಜಾಗಾನೂ ಇಲ್ಲ."

ಜೊತೆಗೆ ಯಾರಾದರೂ ಬಂದಿದ್ದಾರಾ ಅಂತ ಕೇಳಿದರು. ನಾನು ಏಳಲು ಹೋದೆ. ಅತ್ತೆ ಹಿಂದೆ ತಿರುಗದೆ, ಯಾರೂ ಇಲ್ಲ, ನಾನೊಬ್ಬಳೇ ಅಂದುಬಿಟ್ಟರು. ಏಳಹೋದವಳು ಹಾಗೇ ಕೂತೆ.

ರುದ್ರಮುನಿಯವರು ಅತ್ತೆಯನ್ನು ನೋಡಿದರು, ರಮ್ಯಳನ್ನು ನೋಡಿದರು. ಅವರಿಗೆ ಏನು ತಿಳಿಯಿತೋ ಏನು ಬಿಟ್ಟಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡದೊಂದು ಉಸಿರು ಬಿಟ್ಟು, ಪ್ರಯಾಣಿಕರದೇ ತಪ್ಪು ಅಂತ ಜೊತೆಯವರಿಗೆ ಹೇಳಿ ದಂಡದ ರಸೀದಿ ಬರೆದರು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಅಜ್ಜಿ, ಹೆಂಗಸರಿಗೆ ಹೇಗೂ ಫ್ರೀ ಇದೆಯಲ್ಲ ಅಂತ ಮೆಲ್ಲಗೆ ಅಂದರು. ಅತ್ತೆ ಸೊಂಟದ ಸಂಚಿಯಿಂದ ದುಡ್ಡು ತೆಗೆದು ಕೊಟ್ಟರು. ಹಿಂದೆ ಯಾವಳೋ ಒಬ್ಬಳು, ಫ್ರೀ ಟಿಕೆಟ್ಟನ್ನೂ ಕದಿಯುವವರು ಇದ್ದಾರಲ್ಲ ಅಂತ ಕಿಸಕ್ಕನೆ ನಕ್ಕಳು. ಇನ್ನೊಂದು ದಿನವಾಗಿದ್ದರೆ ಅವಳ ಜಡೆ ಹಿಡಿದು ಕೇಳುತ್ತಿದ್ದೆ. ಅವತ್ತು ಹಲ್ಲು ಕಚ್ಚಿಕೊಂಡು ಕೂತೆ.

ಚೆಕಿಂಗ್‌ನವರು ಇಳಿದರು. ಅವರ ಹಿಂದೆಯೇ ಅತ್ತೆಯೂ ಇಳಿದುಬಿಟ್ಟರು. ವಿಜಯನಗರ ಇನ್ನೂ ದೂರ. ನಾನು ಜನರನ್ನು ತಳ್ಳಿಕೊಂಡು ಬಾಗಿಲಿಗೆ ಬಂದೆ. ಅಲ್ಲಿ ರಮ್ಯ ನಿಂತಿದ್ದಳು. ನನ್ನ ಕೈಯನ್ನು ಗಟ್ಟಿಯಾಗಿ ಅದುಮಿದಳು. ನಾನು ಇಳಿದ ಮೇಲೆ ಸೀಟಿ ಊದಿದಳು. ಬಸ್ಸು ಹೋಯಿತು.

ಅತ್ತೆ ಫುಟ್‌ಪಾತಿನಲ್ಲಿ ಬಿರಬಿರನೆ ನಡೆಯುತ್ತಿದ್ದರು. ಹಿಂದೆ ಓಡಿದೆ. ಬೈಯಬೇಕು ಅಂತ ಹಿಂದಿನ ದಿನದಿಂದ ಕೂಡಿಟ್ಟುಕೊಂಡಿದ್ದ ಮಾತುಗಳು ಎಲ್ಲಿ ಹೋದವೋ. ಬಿಸಿಲು ಸುಡುತ್ತಿತ್ತು. ಆಟೋ ಹಿಡಿಯೋಣ ಅತ್ತೆ ಅಂದೆ, ಬೇಡ ಅನ್ನುವ ಹಾಗೆ ತಲೆಯಾಡಿಸಿದರು. ಒಂದು ಎಳನೀರಿನ ಗಾಡಿಯ ನೆರಳಿಗೆ ಬಂದಾಗ ನಿಂತರು. ನನ್ನ ಮುಖ ನೋಡಲಿಲ್ಲ. ರಸ್ತೆ ನೋಡುತ್ತಾ ಮಾತಾಡಿದರು.

"ಅವರ ಹೆಸರನ್ನ ಬಾಯ್ಬಿಟ್ಟು ಒಂದಿನ ಅಂದೋಳಲ್ಲ ನಾನು. ಗಂಡನ ಹೆಸರು ಹೇಳಬಾರದು ಅಂತ ಹಂಗೇ ಬದುಕಿದೆ. ಇವತ್ತು ಅವರ ಹೆಸರು ಎತ್ತಿ ಕೇಳಿದ್ರೆ ಯಾರೋ ಗೊತ್ತಿಲ್ಲ ಅಂದ್ಬಿಟ್ನಲ್ಲೇ ಲಕ್ಷ್ಮಿ."

ಅವರು ಅಳುವುದನ್ನು ನಾನು ಮಾವ ಹೋದ ದಿನ ನೋಡಿದ್ದೆ, ಅದು ಬಿಟ್ಟರೆ ಅವತ್ತೇ. ನನಗೂ ತಡೆಯಲಾಗಲಿಲ್ಲ. ಎಳನೀರಿನವನು ಮಚ್ಚು ಕೈಯಲ್ಲಿ ಹಿಡಿದು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದ. ನಾನು ಅತ್ತೆಯ ಭುಜ ಹಿಡಿದುಕೊಂಡೆ. ಮಾವ ಅಲ್ಲಿ ಕೂತಿದ್ದಿದ್ದರೆ ಆ ಹುಡುಗಿಗೋಸ್ಕರ ಅವರೂ ಅದನ್ನೇ ಹೇಳುತ್ತಿದ್ದರು ಅಂದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಆಗ ನನ್ನ ಕಡೆ ತಿರುಗಿದರು.

"ಹೇಳ್ತಿದ್ರಾ?"

"ಹೇಳ್ತಿದ್ರು ಅತ್ತೆ."

ನಿಜವೋ ಅಂತ ಇನ್ನೊಂದು ಸಲ ಕೇಳಿದರು. ನಿಜ ಅಂದೆ. ಆಮೇಲೆ ನನ್ನ ಕೈ ಹಿಡಿದುಕೊಂಡು ವಿಜಯನಗರದವರೆಗೂ ನಡೆದರು.