ಇಟ್ಟಿಗೆಯ ಹಿಂದೆ ಇಪ್ಪತ್ತೊಂಬತ್ತು ಜನ

ಆ ಬೆಳಗ್ಗೆ ಮಂಜು ಬಿದ್ದಿತ್ತೋ, ಇಲ್ಲಾ ತನ್ನ ಕಣ್ಣೇ ಮಂಜಾಗಿತ್ತೋ, ಕಾಜದಕ್ಕನಿಗೆ ತಿಳಿಯಲಿಲ್ಲ. ಹೊಸ್ತಿಲಲ್ಲಿ ನಿಂತು ನೋಡಿದರೆ ಬೀದಿಗೆ ಆಚೆ ಬದಿಯೇ ಇರಲಿಲ್ಲ. ದೀಪದ ಕಂಬ ಅರ್ಧಕ್ಕೇ ಮುಗಿದುಹೋಗಿತ್ತು. ಅವಳು ಒಳಗೆ ತಿರುಗಿ ಸೊಸೆಯನ್ನು ಕೇಳಿದಳು:

“ಏನಮ್ಮಾ, ಹೊರಗೆ ಮಂಜು ಇದೆಯಾ?”

“ಮಂಜಾ? ಕೈ ಚಾಚಿದ್ರೆ ಕೈ ಕಾಣಲ್ಲ ಅತ್ತೆ!”

“ಸದ್ಯ,” ಎಂದು ಕಾಜದಕ್ಕ ಉಸಿರು ಬಿಟ್ಟಳು. ಎಲ್ಲರಿಗೂ ಕಾಣದಿದ್ದರೆ ಅದು ಹವೆಯ ತಪ್ಪು. ತನಗೊಬ್ಬಳಿಗೇ ಕಾಣದಿದ್ದರೆ ತಾನೆ ಚಿಂತೆ.

ಚಿಂತೆ ಇರದೆ ಏನು. ಅಂಗಿಗೆ ಗುಂಡಿ ಹಚ್ಚುವುದು, ಆ ಗುಂಡಿ ತೂರುವುದಕ್ಕೆ ಕಾಜ ಹೊಲಿಯುವುದು, ಇದೇ ಅವಳ ಮೂವತ್ತೆಂಟು ವರ್ಷದ ಕಸುಬು. ಹೆತ್ತವರು ಇಟ್ಟ ಹೆಸರು ಎಲ್ಲೋ ಹಿಂದೆ ಉಳಿದು, ಊರಿನ ಬಾಯಲ್ಲಿ ಅವಳು ಕಾಜದಕ್ಕನಾಗಿದ್ದಳು. ಈಗ ಮೂರು ತಿಂಗಳಿಂದ ಸೂಜಿಯ ಕಣ್ಣು ಅವಳ ಕಣ್ಣಿಗೆ ಸಿಗುತ್ತಿರಲಿಲ್ಲ. ಅವಳಿಗೆ ಕೆಲಸ ಕೊಡುವ ಬಟ್ಟೆ ಅಂಗಡಿಯ ಯಜಮಾನ ಹೋದ ವಾರ ಆರು ಅಂಗಿ ವಾಪಸ್ಸು ಕಳಿಸಿ, “ಅಕ್ಕಾ, ನಿನ್ನ ಕಾಜ ಒಂದು ಕಡೆ, ಗುಂಡಿ ಒಂದು ಕಡೆ. ಎರಡಕ್ಕೂ ಜಗಳ ಆದ ಹಾಗಿದೆ. ಈ ತಿಂಗಳೂ ಹೀಗೇ ಆದ್ರೆ ಕೆಲಸ ಮಷೀನಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡ,” ಎಂದಿದ್ದ. ಕಣ್ಣಿನ ಡಾಕ್ಟರು ಆಸ್ಪತ್ರೆಗೆ ಬರುವುದು ತಿಂಗಳಿಗೊಂದೇ ದಿನ. ನೋಡುವುದು ಮೂವತ್ತೇ ಜನರನ್ನು. ಆ ದಿನ ಇವತ್ತು.

ಅವಳು ದೇವರ ಹತ್ತಿರ ಹೆಚ್ಚು ಕೇಳುವವಳಲ್ಲ. ದಾರ ಪೋಣಿಸುವಷ್ಟು ಬೆಳಕು ಕೊಡಪ್ಪಾ, ಸಾಕು, ಎಂದು ಕೈಮುಗಿದು, ದಾರದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಗೋಡೆ ಸವರುತ್ತ ಹೊರಟಳು.

ಆ ಆಸ್ಪತ್ರೆಯ ಮುಂದೆ ಒಂದು ಪದ್ಧತಿ ಇತ್ತು. ಚೀಟಿಯ ಕಿಟಕಿ ತೆರೆಯುವುದು ಒಂಬತ್ತಕ್ಕೆ, ಜನ ಬರುವುದು ಆರಕ್ಕೆ. ಮೂರು ಗಂಟೆ ನಿಲ್ಲುವ ಮಂಡಿ ಯಾರಿಗಿದೆ? ಹಾಗಾಗಿ ಬಂದವರು ಕೈಗೆ ಸಿಕ್ಕಿದ ವಸ್ತುವೊಂದನ್ನು ಗೋಡೆಯ ಪಕ್ಕ ಸಾಲಿನಲ್ಲಿಟ್ಟು ಎದುರಿನ ಚಹಾದಂಗಡಿಯಲ್ಲಿ ಕೂರುತ್ತಿದ್ದರು. ವಸ್ತು ನಿಂತರೆ ಆಳು ನಿಂತ ಲೆಕ್ಕ. ಮನೆಗೆ ಎರಡೆರಡು ಬೀಗ ಜಡಿಯುವ ಜನವೇ ಇಲ್ಲಿ ತಮ್ಮ ಪಾಳಿಯನ್ನು ಒಂದು ಕಲ್ಲಿನ ಮೇಲೆ ಬಿಟ್ಟು ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದು ಕಲ್ಲೂ ಮುಂದಕ್ಕೆ ಜರುಗಿದ್ದಿಲ್ಲ.

ಸಾಲಿನ ತುದಿಯಲ್ಲಿ ಮುರಿದ ಕೊಡೆ ಇಟ್ಟು ನಿಂತಿದ್ದವನು ಕೊಡೆ ರಿಪೇರಿಯ ಮುದುಕ, ಎಲ್ಲರ ಬಾಯಲ್ಲೂ ಕೊಡೆ ಮಾವ.

“ಬಂದ್ಯೇನಮ್ಮಾ? ಡಬ್ಬಿ ಇಡು ಇಲ್ಲಿ. ನಾನು ಎರಡು ಸಲ ಎಣಿಸಿದೀನಿ. ಮೇಷ್ಟ್ರ ಇಟ್ಟಿಗೆ ಒಂದು, ಡ್ರೈವರ್ ಚಪ್ಪಲಿ ಎರಡು, ಹಾಲಿನ ಚಿಕ್ಕಮ್ಮನ ಕ್ಯಾನು ಮೂರು... ನನ್ನ ಕೊಡೆ ಇಪ್ಪತ್ತೊಂಬತ್ತು. ನಿಂದು ಮೂವತ್ತು. ಬಾಗಿಲು ಹಾಕೋ ಹೊತ್ತಿಗೆ ಸರಿಯಾಗಿ ಒಳಗೆ ನುಸುಳಿದೆ ನೋಡು!”

ಕಾಜದಕ್ಕನ ಎದೆ ಹಗುರಾಯಿತು. ಇಬ್ಬರೂ ಚಹಾಕ್ಕೆ ಹೋದರು.

ಅವಳು ಎರಡನೆಯ ಗುಟುಕು ಕುಡಿಯುವ ಹೊತ್ತಿಗೆ ಮಂಜಿನೊಳಗೆ ಸೈರನ್ ಕೂಗಿತು. ಬಾಗಿಲುಗಳು ದಡದಡ ಮುಚ್ಚಿದವು. ಮೈಕು ಒಮ್ಮೆ ಕಿರ್ ಎಂದು, ಆಮೇಲೆ ತುಪ್ಪ ಸವರಿದಂಥ ದನಿಯೊಂದು ಕೇಳಿಸಿತು.

“ಮಂತ್ರಿಗಳು ಕಣ್ರೋ,” ಎಂದ ಬಸ್ ಡ್ರೈವರ್. “ಪೇಪರಲ್ಲಿತ್ತು. ಇವತ್ತು ಆಸ್ಪತ್ರೆ ಮುಂದೆ ಗುಡಿಸ್ತಾರಂತೆ.”

“ಗುಡಿಸ್ಲಿ ಬಿಡು, ಪುಣ್ಯ ಬರತ್ತೆ,” ಎಂದಳು ಹಾಲಿನ ಚಿಕ್ಕಮ್ಮ. “ಪೊರಕೆ ಯಾವ ಕಡೆಯಿಂದ ಹಿಡಿಯೋದು ಅಂತ ಯಾರಾದ್ರೂ ಹೇಳಿಕೊಟ್ಟಿದಾರಾ?”

ಎಲ್ಲರೂ ನಕ್ಕರು. ನಗು ಇನ್ನೂ ಗಂಟಲಲ್ಲಿರುವಾಗಲೇ ಮೈಕು ಹೇಳಿತು: “ನೋಡಿ ಬಂಧುಗಳೇ, ನಮ್ಮ ಜನ ಕಸ ಹಾಕಿದ್ರೂ ಎಷ್ಟು ಶಿಸ್ತಾಗಿ ಹಾಕ್ತಾರೆ! ಒಂದೇ ಸಾಲು! ಇಂಥ ಜನರನ್ನ ಪಡೆಯೋಕೆ ನಾನು ಪುಣ್ಯ ಮಾಡಿದ್ದೆ.”

ಚಹಾದಂಗಡಿಯಲ್ಲಿ ಲೋಟಗಳೆಲ್ಲ ಗಾಳಿಯಲ್ಲೇ ನಿಂತವು. ಕಸದ ಲಾರಿಯೊಳಗೆ ಏನೋ ಧಡ್ ಎಂದು ಬಿತ್ತು.

“ಅಯ್ಯೋ,” ಎಂದರು ನಿವೃತ್ತ ಮೇಷ್ಟ್ರು, “ಅದು ನನ್ನ ಇಟ್ಟಿಗೆ ಸದ್ದು!”

ಜನ ಓಡಿದರು. ಕಾಜದಕ್ಕ ಕೊಡೆ ಮಾವನ ಅಂಗಿಯ ಚುಂಗು ಹಿಡಿದು ಓಡಿದಳು. ಹೋಗಿ ನೋಡಿದರೆ ಗೋಡೆಯ ಪಕ್ಕ ಹಸನಾಗಿ ಗುಡಿಸಿದ ನೆಲ. ಬಿಳಿ ಕೈಗವಸು ತೊಟ್ಟು, ಬೆಲೆಯ ಚೀಟಿ ಇನ್ನೂ ನೇತಾಡುತ್ತಿದ್ದ ಪೊರಕೆ ಹಿಡಿದು, ಉದ್ದ ಕೋಟಿನ ಮಂತ್ರಿಗಳು ನಿಂತಿದ್ದರು. ಮುಖದಲ್ಲಿ ಪರೀಕ್ಷೆ ಪಾಸಾದವರ ಕಳೆ ಇತ್ತು.

“ಏನಾಯ್ತು?” ಎಂದರು ಅವರು. “ಯಾರಿಗಾದ್ರೂ ಆ ಕಸ ಬೇಕಿತ್ತಾ?”

“ಅದು ಕಸ ಅಲ್ಲ ಸ್ವಾಮಿ,” ಎಂದರು ಮೇಷ್ಟ್ರು, ತರಗತಿಯ ದನಿಯಲ್ಲಿ. “ಆ ಇಟ್ಟಿಗೆ ನಾನು.”

ಮಂತ್ರಿಗಳು ಆಪ್ತ ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಫೋನು ನೋಡಿದ. ಫೋನಿಗೂ ಗೊತ್ತಿದ್ದಂತೆ ಕಾಣಲಿಲ್ಲ.

“ಆ ಚಪ್ಪಲಿ?”

“ಅದು ನಾನು,” ಎಂದ ಡ್ರೈವರ್.

“ಒಂದೇ ಇತ್ತಲ್ಲ?”

“ಇನ್ನೊಂದು ಕಾಲಲ್ಲಿದೆ ಸ್ವಾಮಿ. ಎರಡೂ ಇಟ್ರೆ ಚಹಾಕ್ಕೆ ಹೇಗೆ ಹೋಗೋದು?”

ಮೇಷ್ಟ್ರು ಪದ್ಧತಿಯನ್ನು ಮೊದಲಿಂದ ಬಿಡಿಸಿ ಹೇಳಿದರು. ಮಂತ್ರಿಗಳು ಗಮನವಿಟ್ಟೇ ಕೇಳಿದರು, ಕೆಟ್ಟ ಮನುಷ್ಯರೇನಲ್ಲ. ಕೇಳಿ ಮುಗಿದ ಮೇಲೆ ನಿಜವಾದ ಅಚ್ಚರಿಯಿಂದ, “ಆದ್ರೆ ಇಷ್ಟು ಕಷ್ಟ ಯಾಕೆ? ಒಂದು ಫೋನ್ ಮಾಡಿದ್ರೆ ಡಾಕ್ಟರೇ ಮನೆಗೆ ಬರ್ತಾರಲ್ಲ?” ಎಂದರು.

ಕೊಡೆ ಮಾವ, “ನಮ್ಮ ಮನೆ ದಾರಿ ಅವರಿಗೆ ಗೊತ್ತಿಲ್ಲ ಸ್ವಾಮಿ,” ಎಂದ.

“ಛೆ. ಹೋಗ್ಲಿ, ತಪ್ಪಾಯ್ತು. ಇವರಿಗೆಲ್ಲ ಒಂದೊಂದು ಹೊಸ ಇಟ್ಟಿಗೆ ಕೊಡಿಸಿ,” ಎಂದು ಮಂತ್ರಿಗಳು ಕಾರ್ಯದರ್ಶಿಗೆ ಅಪ್ಪಣೆ ಮಾಡಿದರು.

ಹೊಸ ಇಟ್ಟಿಗೆ ಏನು ಮಾಡೋದಕ್ಕೆ? ಲಾರಿಯಿಂದ ಹಳೆಯದನ್ನೇ ಇಳಿಸಿಕೊಂಡರು. ಎಲ್ಲವೂ ಒಂದೇ ಗುಡ್ಡೆ. ಯಾರು ಎಷ್ಟನೆಯವರು ಎಂಬುದು ವಸ್ತುಗಳಿಗೆ ನೆನಪಿರಲಿಲ್ಲ. ಆದರೆ ಜನಕ್ಕಿತ್ತು. ಪ್ರತಿಯೊಬ್ಬರಿಗೂ ತಮ್ಮ ಮುಂದಿದ್ದವರು ಯಾರೆಂದು ಗೊತ್ತಿತ್ತು. ನನ್ನ ಮುಂದೆ ಚಪ್ಪಲಿ ಎಂದಳು ಚಿಕ್ಕಮ್ಮ. ನನ್ನ ಮುಂದೆ ಕ್ಯಾನು ಎಂದ ಇನ್ನೊಬ್ಬ. ಒಬ್ಬರ ಬೆನ್ನಿಗೊಬ್ಬರು ಸೇರುತ್ತ ಸೇರುತ್ತ, ಹರಿದ ಮಣಿಸರವನ್ನು ಮತ್ತೆ ಪೋಣಿಸಿದ ಹಾಗೆ, ಚಹಾ ಆರುವುದರೊಳಗೆ ಸಾಲು ನಿಂತಿತು. ಒಂದೇ ಒಂದು ಜಗಳವಿಲ್ಲ. ಮಂತ್ರಿಗಳು ಬಾಯಿ ತೆರೆದು ನೋಡಿದರು. ಸಭೆಯಲ್ಲಿ ಮೂವತ್ತು ಕುರ್ಚಿಗೆ ನಲವತ್ತು ಜನ ಗುದ್ದಾಡುವುದನ್ನು ಮಾತ್ರ ಅವರು ಕಂಡಿದ್ದರು.

ಒಂಬತ್ತಕ್ಕೆ ಕಿಟಕಿ ತೆರೆಯಿತು. ಚೀಟಿ ಕೊಡುವವಳು ಒಬ್ಬೊಬ್ಬರಿಗೆ ಕೊಡುತ್ತ ಬಂದಳು. ಕೊಡೆ ಮಾವನ ಕೈಗೆ ಚೀಟಿ ಬಂತು. ಕಾಜದಕ್ಕ ಕೈ ಒಡ್ಡಿದಳು.

“ಮುಗೀತಲ್ಲ ಅಕ್ಕಾ.”

“ಮುಗೀತಾ? ನಂದು ಮೂವತ್ತು. ಮಾವ ಎರಡು ಸಲ ಎಣಿಸಿದಾರೆ.”

ಕಿಟಕಿಯವಳು ದನಿ ತಗ್ಗಿಸಿದಳು. “ಒಂದನೇ ನಂಬರು ಮಂತ್ರಿಗಳ ಹೆಸರಿಗೆ ಹೋಯ್ತು ಅಕ್ಕಾ. ಡಾಕ್ಟರು ಅವರ ಕಣ್ಣು ನೋಡೋ ಫೋಟೋ ತೆಗೀಬೇಕಂತೆ. ಮೂವತ್ತೊಂದು ಬರೆಯೋ ಹಾಗಿಲ್ಲ, ಎರಡು ಗಂಟೆಗೆ ಡಾಕ್ಟರ ಬಸ್ಸು. ಮುಂದಿನ ತಿಂಗಳು ಬೇಗ ಬಾ.”

ಕೊಡೆ ಮಾವ ತನ್ನ ಚೀಟಿ ಚಾಚಿದ. “ತಗೊಳಮ್ಮಾ ಇದನ್ನ.”

“ಸುಮ್ನಿರಿ ಮಾವ. ಹದಿನೈದು ದಿನದಿಂದ ನಿಮ್ಮ ಕಣ್ಣು ಸೋರೋ ನಲ್ಲಿ ಆಗಿದೆ. ಊರಿನ ಕೊಡೆ ಎಲ್ಲ ರಿಪೇರಿ ಮಾಡಿ ನೀವೊಬ್ರೇ ನೆನೀತಾ ಇದೀರಿ,” ಎಂದು ಕಾಜದಕ್ಕ ನಕ್ಕಳು. ನಕ್ಕು, ಆಚೆ ಹೋಗಿ ಗೋಡೆಯ ಬದಿಯ ಬೆಂಚಿನ ಮೇಲೆ ಡಬ್ಬಿ ತಬ್ಬಿಕೊಂಡು ಕೂತಳು. ಮುಂದಿನ ತಿಂಗಳ ಹೊತ್ತಿಗೆ ಅವಳ ಅಂಗಿಗಳು ಮಷೀನಿನ ಕೆಳಗಿರುತ್ತವೆ. ದೇವರ ಮೇಲೆ ಸಿಟ್ಟು ಬರಲಿಲ್ಲ. ಅವನ ಹತ್ತಿರವೂ ದೊಡ್ಡ ಸಾಲಿರಬಹುದು, ಅಲ್ಲೂ ಯಾರಾದರೂ ಪೊರಕೆ ಹಿಡಿದು ಬಂದಿರಬಹುದು ಎಂದುಕೊಂಡಳು.

ಅದೇ ಬೆಂಚಿನ ಇನ್ನೊಂದು ತುದಿ ಕಿರ್ರೆಂದಿತು. ಮಂತ್ರಿಗಳು ಬಂದು ಕೂತಿದ್ದರು. ಮಂಜಿಗೆ ಕ್ಯಾಮೆರಾದ ಗಾಜು ಮಸುಕಾಗಿ, ಫೋಟೋದವನು ಅದನ್ನು ಒರೆಸುತ್ತ ಬೈದುಕೊಳ್ಳುತ್ತಿದ್ದ. ಅವರು ಕೂತ ರಭಸಕ್ಕೆ ಕೋಟಿನ ಗುಂಡಿಯೊಂದು ಟಪ್ಪೆಂದು ಹಾರಿ ಕಲ್ಲುಹಾಸಿನ ಮೇಲೆ ಉರುಳಿತು. ಕಾಜದಕ್ಕನಿಗೆ ಕಾಣಲಿಲ್ಲ, ಆದರೆ ಆ ಸದ್ದು ಅವಳಿಗೆ ಗೊತ್ತಿಲ್ಲದ್ದೇ? ಬಗ್ಗಿ, ಕೈಯಾಡಿಸಿ, ಹೆಕ್ಕಿದಳು.

“ಕೋಟು ಕೊಡಿ ಸ್ವಾಮಿ. ಇದು ನಿಂತ್ಕೊಳ್ಳೋಕೆ ಹೊಲಿದಿರೋ ಕೋಟು. ಬಗ್ಗೋದಕ್ಕೆ, ಗುಡಿಸೋದಕ್ಕೆ ಅಲ್ಲ.”

“ಪರವಾಗಿಲ್ಲಮ್ಮ, ಮನೇಲಿ ಬೇರೆ ಕೋಟಿದೆ.”

“ಗುಂಡಿ ಹೋಗಿದ್ದಕ್ಕೆ ಕೋಟೇ ಬದಲಾಯಿಸ್ತೀರಾ?” ಎಂದು ಅವಳು ಗದರಿದಳು. “ಬಿಚ್ಚಬೇಡಿ, ಚಳಿ ಇದೆ. ಹಾಗೇ ಕೂತಿರಿ. ಈ ದಾರ ಮಾತ್ರ ಸೂಜಿಗೆ ಪೋಣಿಸಿ ಕೊಡಿ.”

ಮಂತ್ರಿಗಳು ಕೈಗವಸು ತೆಗೆದರು. ನಾಲಗೆ ತುದಿ ಕಚ್ಚಿ, ಒಂದೇ ಸಲಕ್ಕೆ ದಾರ ತೂರಿಸಿದರು. ಆ ಬೆಳಗಿನಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಇದೊಂದು ಸರಿಯಾಗಿತ್ತು, ಅವರಿಗೂ ಅದು ಗೊತ್ತಾಗಿ, “ನೋಡಿ!” ಎಂದು ಹುಡುಗನ ಹಾಗೆ ಎತ್ತಿ ತೋರಿಸಿದರು.

“ಭೇಷ್. ಒಳ್ಳೇ ಕಣ್ಣು,” ಎಂದಳು ಕಾಜದಕ್ಕ. ಕೋಟಿನ ಅಂಚನ್ನು ಬೆರಳಿಂದ ಸವರಿ ನೋಡಿ, “ಕಾಜ ಕೈಯಲ್ಲೇ ಹೊಲಿದಿದ್ದು. ಯಾರೋ ಗಟ್ಟಿಗರು. ಒಂದು ಎಳೆ ಆಚೀಚೆ ಇಲ್ಲ.”

“ಕಾಜ ಅಂದ್ರೆ?”

“ಗುಂಡಿ ಹೋಗೋ ಕಿಂಡಿ.”

“ಅದನ್ನೂ ಹೊಲೀತಾರಾ?” ಮಂತ್ರಿಗಳು ತಮ್ಮ ಎದೆಯನ್ನೇ ಬಗ್ಗಿ ನೋಡಿಕೊಂಡರು. “ಅದು ಬಟ್ಟೇಲೇ ಇರತ್ತೆ ಅಂದ್ಕೊಂಡಿದ್ದೆ.”

ಕಾಜದಕ್ಕನಿಗೆ ನಗು ತಡೆಯಲಿಲ್ಲ. “ಮೂವತ್ತೆಂಟು ವರ್ಷ ಅದನ್ನೇ ಹೊಲಿದು ಮಕ್ಕಳನ್ನ ಸಾಕಿದೀನಿ ಸ್ವಾಮಿ. ಬಟ್ಟೇಲೇ ಇದ್ದಿದ್ರೆ ನಾವೆಲ್ಲ ಗಾಳಿ ತಿನ್ನಬೇಕಿತ್ತು.”

ಅವಳು ಕಣ್ಣು ಮುಚ್ಚಿಯೇ ಹೊಲಿದಳು, ತೆರೆದಿದ್ದರೂ ಒಂದೇ. ಸೂಜಿ ಎರಡು ಸಲ ಗುಂಡಿಯ ತೂತು ತಪ್ಪಿ ಅವಳ ಹೆಬ್ಬೆರಳಿಗೆ ಚುಚ್ಚಿತು. ಆ ಹೆಬ್ಬೆರಳಿನಲ್ಲಿ ಮೊದಲೇ ಹತ್ತಾರು ಚುಚ್ಚು ಇದ್ದುದನ್ನು ಮಂತ್ರಿಗಳ ಒಳ್ಳೇ ಕಣ್ಣು ಕಂಡಿತು. ಅವರು ಕೇಳಿದರು:

“ನಿಮ್ಮದು ಎಷ್ಟನೇ ನಂಬರಮ್ಮ?”

“ಮೂವತ್ತಾಗಿತ್ತು.”

“ಈಗ?”

“ಈಗ ಇಲ್ಲ.” ಅವಳು ಬಗ್ಗಿ, ಅವರ ಎದೆಯ ಹತ್ತಿರ ದಾರವನ್ನು ಹಲ್ಲಿಂದ ಕಡಿದಳು. “ನಿಮ್ಮ ಜೇಬಲ್ಲಿದೆ.”

ಮಂತ್ರಿಗಳ ಕೈ ತಾನಾಗಿ ಜೇಬಿಗೆ ಹೋಯಿತು. ಮಡಿಸಿದ ಚೀಟಿ ಹೊರಬಂತು. ಅವರು ಅದನ್ನೂ ಅವಳನ್ನೂ ನೋಡಿದರು. ಆ ಕಡೆಯಿಂದ ಕಾರ್ಯದರ್ಶಿ, “ಸರ್, ಕ್ಯಾಮೆರಾ ರೆಡಿ! ಒಂದನೇ ನಂಬರ್ ಕರೀತಿದಾರೆ!” ಎಂದು ಕೂಗಿದ.

“ತಗೊಳ್ಳಿ,” ಎಂದರು ಮಂತ್ರಿಗಳು ಮೆಲ್ಲಗೆ. “ಎಲ್ಲರಿಗಿಂತ ಮುಂಚೆ ನೀವೇ ಹೋಗಿ.”

ಕಾಜದಕ್ಕ ಚೀಟಿಯನ್ನು ಮುಟ್ಟಲಿಲ್ಲ. “ಇದು ಒಂದನೇದು ಸ್ವಾಮಿ. ನಂದಲ್ಲ, ಮೇಷ್ಟ್ರದ್ದು. ನಂದು ಮೂವತ್ತು.”

“ಒಂದಕ್ಕಿಂತ ಮೂವತ್ತು ಒಳ್ಳೇದಾ?”

“ನಂದಾದ್ರೆ ಒಳ್ಳೇದು.”

ಮಂತ್ರಿಗಳು ಎದ್ದರು. ಗುಂಡಿ ಹಾಕಿಕೊಂಡರು, ಅದು ಕಾಜದೊಳಗೆ ಸಲೀಸಾಗಿ ಕೂತಿತು. ಕಾರ್ಯದರ್ಶಿ ಬಾಗಿಲಲ್ಲಿ ಕೈ ಆಡಿಸುತ್ತಲೇ ಇದ್ದ. ಅವರು ಆ ಕಡೆ ಹೋಗದೆ ಸಾಲಿನ ತಲೆಗೆ ಹೋಗಿ, ಮೇಷ್ಟ್ರ ಮುಂದೆ ನಿಂತು, ಮೈಕಿಲ್ಲದ ದನಿಯಲ್ಲಿ ಏನೋ ಹೇಳಿ ಚೀಟಿ ಕೊಟ್ಟರು. ಏನು ಹೇಳಿದರೋ ಬೆಂಚಿನವರೆಗೆ ಕೇಳಿಸಲಿಲ್ಲ. ಕ್ಯಾಮೆರಾದವನಿಗೂ ಅದು ಸಿಗಲಿಲ್ಲ. ಅವನು ಒಳಗೆ ಡಾಕ್ಟರ ಖಾಲಿ ಕುರ್ಚಿಗೆ ಗುರಿಯಿಟ್ಟು ಕಾಯುತ್ತಿದ್ದ.

ಮೇಷ್ಟ್ರು ಒಂದನೆಯದನ್ನು ಇಟ್ಟುಕೊಂಡು, ತಮ್ಮ ಕೈಲಿದ್ದ ಎರಡನೆಯದನ್ನು ಹಿಂದಿದ್ದ ಡ್ರೈವರಿಗೆ ಕೊಟ್ಟರು. ಡ್ರೈವರ್ ತನ್ನ ಮೂರನೆಯದನ್ನು ಹಾಲಿನ ಚಿಕ್ಕಮ್ಮನಿಗೆ ಕೊಟ್ಟ. ಯಾರೂ ಯಾಕೆಂದು ಕೇಳಲಿಲ್ಲ. ಮಂಜು ಆಗಲೇ ತೆಳ್ಳಗಾಗುತ್ತಿತ್ತು. ಕಾಜದಕ್ಕನಿಗೆ ಕಂಡದ್ದು ಇಷ್ಟೇ: ಗೋಡೆಯುದ್ದಕ್ಕೂ ಸಣ್ಣ ಸಣ್ಣ ಬಿಳಿಯ ಚುಕ್ಕೆಗಳು ಕೈಯಿಂದ ಕೈಗೆ, ಹೊಲಿಗೆ ಹಾಕಿದ ಹಾಗೆ, ತನ್ನ ಕಡೆಗೆ ನಡೆದುಬರುತ್ತಿದ್ದವು.

ಕೊಡೆ ಮಾವ ಬೆಂಚಿನ ಹತ್ತಿರ ಬಂದ. ಅವಳ ಡಬ್ಬಿಯ ಮುಚ್ಚಳ ತೆಗೆದು, ದಾರದ ಉಂಡೆಗಳ ಮೇಲೆ ಮೂವತ್ತನೆಯ ಚೀಟಿ ಇಟ್ಟು, ಮುಚ್ಚಳ ಹಾಕಿ, ಡಬ್ಬಿಯನ್ನು ಅವಳ ಮಡಿಲಿಗೆ ಕೊಟ್ಟ.